ಮೂರನೆಯ ಪೆಟ್ಟು

೨೦೧೯ರ ಮಾರ್ಚ್ ೭, ಗುರುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಚಮಚವನ್ನು ತುಟಿಯ ಹತ್ತಿರ ತಂದಿದ್ದ ಅಕ್ಕ ಹಾಗೇ ನಿಲ್ಲಿಸಿದಳು. ಅಡುಗೆಮನೆಯ ನೆಲದ ಕೆಳಗಿಂದ ಸದ್ದು ಬಂತು. ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಮೂರನೆಯದು ಬರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

"ಕೇಳಿಸ್ತಾ?" ಅಂದಳು.

"ಕೇಳಿಸ್ತು."

"ಸದ್ಯ. ಡಾಕ್ಟರಿಗೆ ಹೇಳಿದ್ದಕ್ಕೆ ನಿದ್ದೆ ಮಾತ್ರೆ ಬರೆದುಕೊಟ್ರು. ನಿದ್ದೆ ಬಂದ್ರೆ ಕೆಳಗಿನವರು ಸುಮ್ಮನಾಗ್ತಾರಾ?"

ಚಮಚ ಬಟ್ಟಲಿಗೆ ಮರಳಿತು. ಬೆಳಗಿನ ಊಟ ಅಲ್ಲಿಗೆ ಮುಗಿಯಿತು. ಬಟ್ಟಲನ್ನು ತೆಗೆದುಕೊಂಡು ಹೋಗಿ ತಕ್ಕಡಿಯ ಮೇಲಿಟ್ಟೆ. ಅವಳು ತಿಂದದ್ದು ಹನ್ನೊಂದು ಗ್ರಾಂ.

"ನನ್ನ ನಿಟ್ಟುಸಿರನ್ನೂ ತೂಗಿಬಿಡು. ಒಂದು ಡಬ್ಬಿ ತಂದುಕೊಡ್ಲಾ?" ಎಂದು ಅಕ್ಕ ಬೆನ್ನ ಹಿಂದಿನಿಂದ ಕೇಳಿದಳು.

ನಾನು ಹತ್ತು ದಿನದ ರಜೆ ಹಾಕಿ ಹಿಂದಿನ ಸಂಜೆ ಬಂದಿದ್ದೆ. ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ತಂದುಕೊಟ್ಟ ಪದಾರ್ಥದಲ್ಲಿ ನೀರೆಷ್ಟು, ಕೊಬ್ಬೆಷ್ಟು, ಪ್ರೋಟೀನ್ ಎಷ್ಟು, ಉಪ್ಪೆಷ್ಟು ಎಂದು ಹೇಳುವುದಕ್ಕೆ ಸಂಬಳ ಕೊಡುತ್ತಾರೆ. ಚೀಲದಲ್ಲಿ ಎರಡು ತಕ್ಕಡಿ ತಂದಿದ್ದೆ, ಒಂದು ಅಡುಗೆಯದು, ಒಂದು ಮನುಷ್ಯರದು. ಮನುಷ್ಯರದರ ಮೇಲೆ ಅಕ್ಕ ಆ ದಿನ 36.2 ಕೆ.ಜಿ. ಇದ್ದಳು. ಹದಿನಾಲ್ಕು ತಿಂಗಳ ಹಿಂದೆ ನಲವತ್ತೆಂಟು ಇದ್ದವಳು. ಈಚೆಗೆ ವಾರಕ್ಕೆ ನಾನೂರು ಗ್ರಾಂ ಇಳಿಯುತ್ತಿದ್ದಳು. ಸೋಮವಾರ ತೂಕ ಮೂವತ್ತಾರಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕುವುದು ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದ್ದರು. ಭಾಗಾಕಾರ ಮಾಡಿ ನೋಡಿದೆ. ಅದೇ ವೇಗದಲ್ಲಿ ಇಳಿದರೆ ಸೋಮವಾರ ಬೆಳಿಗ್ಗೆ 35.97.

"ನಳಿಗೆ ಹಾಕಿಸ್ಕೊಂಡ್ರೆ ನಾನು ಈ ಮನೆಗೆ ವಾಪಸು ಬರಲ್ಲ ಕಣೇ. ಹೆದರಿಸ್ತಿದ್ದೀನಿ ಅಂದ್ಕೋಬೇಡ. ನನಗೆ ಗೊತ್ತು" ಎಂದು ರಾತ್ರಿ ಊಟದ ಹೊತ್ತಿಗೆ ಅಕ್ಕ ಹೇಳಿದ್ದಳು. ಅವಳ ಮುಖ ನೋಡಿ ನನಗೂ ಹಾಗೇ ಅನಿಸಿತ್ತು.

ಭಾವ ಚೀಸ್ ಮಾಡುವವರು. ನೆಂಟರೆಲ್ಲ ಅವರನ್ನು ಸುತ್ತಿಗೆ ಭಾವ ಎಂದು ಕರೆಯುತ್ತಿದ್ದರು. ನೆಲಮಾಳಿಗೆಯಲ್ಲಿ ಮಾಗುತ್ತಿದ್ದ ಚೀಸ್ ಚಕ್ರಗಳನ್ನು ಅವರು ಬೆರಳುದ್ದದ ಬೆಳ್ಳನೆಯ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಒಂದು ಅಂಚಿಗೆ, ನಡುವಿಗೆ, ಇನ್ನೊಂದು ಅಂಚಿಗೆ, ಒಟ್ಟು ಮೂರು ಪೆಟ್ಟು. ಗಟ್ಟಿಯಾಗಿ ತುಂಬಿಕೊಂಡ ಚೀಸ್ ಒಂದು ಬಗೆಯಾಗಿ ದನಿ ಕೊಡುತ್ತದೆ, ಒಳಗೆ ಗಾಳಿ ಸೇರಿ ಬಿರಿದದ್ದು ಇನ್ನೊಂದು ಬಗೆ. ಚಕ್ರವನ್ನು ಕೊಯ್ಯದೆ ಒಳಗಿನ ವಿಷಯ ತಿಳಿಯಲು ಬೇರೆ ದಾರಿ ಇಲ್ಲ. ಅವರಿಗೆ ಇದು ಚಟವಾಗಿ ಹೋಗಿತ್ತು. ಕಲ್ಲಂಗಡಿ, ಗೋಡೆ, ಹೊಸ ಬಾಗಿಲು, ಎಲ್ಲವನ್ನೂ ಬೆರಳ ಗಣ್ಣಿನಿಂದ ತಟ್ಟುವರು. ನಾನು ಹೈಸ್ಕೂಲು ಮುಗಿಸಿದ ದಿನ ನನ್ನ ತಲೆ ತಟ್ಟಿ, "ಪೊಳ್ಳಿಲ್ಲ, ಕಾಲೇಜಿಗೆ ಕಳಿಸಬಹುದು" ಅಂದಿದ್ದರು. ಫೀಸನ್ನೂ ಅವರೇ ಕಟ್ಟಿದರು.

ಬೆಳಿಗ್ಗೆ ಆರು ನಲವತ್ತಕ್ಕೆ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗುವುದು ಇಪ್ಪತ್ತಾರು ವರ್ಷ ಅವರು ತಪ್ಪಿಸದ ಅಭ್ಯಾಸ. ೨೦೧೮ರ ಜನವರಿ ೯ರಂದು ಹಾಲಿನ ತೊಟ್ಟಿಯ ಪಕ್ಕದಲ್ಲೇ ಕುಸಿದು ಬಿದ್ದರು. ಆಸ್ಪತ್ರೆಗೆ ಒಯ್ಯುವಾಗ ವ್ಯಾನಿನಲ್ಲೇ ತೀರಿಕೊಂಡರು.

ಗುರುವಾರ ಮಧ್ಯಾಹ್ನ ನಾನು ಕೆಳಗೆ ಹೋದೆ. ಹದಿಮೂರು ಮೆಟ್ಟಿಲು. ಹನ್ನೆರಡು ಡಿಗ್ರಿ, ತೇವಾಂಶ ಎಂಬತ್ತನಾಲ್ಕು. ಒದ್ದೆ ಕಲ್ಲಿನ ವಾಸನೆ, ಅದರ ಹಿಂದೆ ಹುರಿದ ಬಾದಾಮಿಯಂಥ ಇನ್ನೊಂದು. ಮರದ ಅಟ್ಟಣಿಗೆಗಳು ಖಾಲಿ. ಒಂದೊಂದು ಹಲಗೆಯ ಮೇಲೂ ಚಕ್ರಗಳು ಕೂತಿದ್ದ ಜಾಗದಲ್ಲಿ ದುಂಡನೆಯ ಕಲೆಗಳು, ಸಾಲಾಗಿ ಕೂತು ಎದ್ದುಹೋದವರ ಹಾಗೆ. ಭಾವ ಹೋದ ಮೇಲೆ ಹೊಸದಾಗಿ ಏನೂ ಮಾಡಿರಲಿಲ್ಲ. ಮಾಗಿದ ನಲವತ್ತು ಚಕ್ರಗಳನ್ನು ವ್ಯಾಪಾರಿ ಒಂದೊಂದಾಗಿ ಕೊಂಡುಹೋಗಿದ್ದ. ಎದೆಮಟ್ಟದ ಹಲಗೆಯಲ್ಲಿ ಒಂದೇ ಒಂದು ಉಳಿದಿತ್ತು, ಅದರ ಬದಿಯಲ್ಲಿ ಜನವರಿ ೯ರ ಮುದ್ರೆ. ತಂಪುಯಂತ್ರ ಅದೊಂದಕ್ಕಾಗಿಯೇ ಓಡುತ್ತಿತ್ತು. ಬಾಗಿಲ ಪಕ್ಕದ ಮೊಳೆಯಲ್ಲಿ ಸುತ್ತಿಗೆ ನೇತಾಡುತ್ತಿತ್ತು. ಅದರ ಹಿಡಿಯ ಮೇಲೆ ಧೂಳು ಕೂತಿತ್ತು.

ಚಕ್ರವನ್ನು ಎತ್ತಿ ತೂಗಿದೆ. ಹುಟ್ಟಿದಾಗ 9.1 ಕೆ.ಜಿ., ಈಗ 8.2. ಸರಿಯಾಗಿಯೇ ಇತ್ತು. ಮಾಗುವುದೆಂದರೆ ಮುಖ್ಯವಾಗಿ ನೀರು ಬಿಡುವುದೇ. ಅಕ್ಕನಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಚೀಸಿನ ತೂಕ ಮೊದಲ ಕೆಲವು ತಿಂಗಳು ಬೇಗ ಇಳಿದು ಆಮೇಲೆ ನಿಧಾನವಾಗುತ್ತದೆ. ಇಬ್ಬರ ಅಂಕಿಗಳನ್ನೂ ಒಂದೇ ಹಾಳೆಯಲ್ಲಿ ಗೆರೆ ಎಳೆದು ನೋಡಿದೆ. ಅಕ್ಕನ ಗೆರೆ ಎಲ್ಲೂ ನಿಧಾನವಾಗಿರಲಿಲ್ಲ.

ಅಕ್ಕನಿಗೆ ಹಾಲು ಆಗದು. ಕುಡಿದರೆ ಹೊಟ್ಟೆ ಉಬ್ಬಿ ನರಳುತ್ತಾಳೆ. ಮೊಟ್ಟೆ ಮಣ್ಣಿನ ಹಾಗಿದೆ ಅನ್ನುತ್ತಾಳೆ, ಮಾಂಸ ಹಗ್ಗ ಅಗಿದ ಹಾಗೆ. ಹದಿನಾಲ್ಕು ತಿಂಗಳು ಮಾಗಿದ ಚೀಸ್ ಬೇರೆಯೇ ಪದಾರ್ಥ. ಹೊಟ್ಟೆ ಉಬ್ಬಿಸುವ ಹಾಲಿನ ಸಕ್ಕರೆಯನ್ನು ಸೂಕ್ಷ್ಮಾಣುಗಳು ಮೊದಲ ವಾರಗಳಲ್ಲೇ ತಿಂದು ಮುಗಿಸಿರುತ್ತವೆ. ಪ್ರೋಟೀನು ತುಂಡುತುಂಡಾಗಿ ಅರ್ಧ ಜೀರ್ಣವಾದಂತೆಯೇ ಇರುತ್ತದೆ. ಮೂವತ್ತು ಗ್ರಾಂ ತಿಂದರೆ ಹತ್ತು ಗ್ರಾಂ ಪ್ರೋಟೀನ್, ಮುನ್ನೂರೈವತ್ತು ಮಿಲಿಗ್ರಾಂ ಕ್ಯಾಲ್ಸಿಯಂ, ನೂರಿಪ್ಪತ್ತು ಕ್ಯಾಲೊರಿ. ಉಪ್ಪು ಜಾಸ್ತಿ, ಅದು ನಿಜ. ಆದರೆ ರಕ್ತದೊತ್ತಡ ಇಷ್ಟು ಇಳಿದವಳಿಗೆ ಅದನ್ನು ಡಾಕ್ಟರೂ ಬೇಡ ಅನ್ನಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ ರುಚಿ ಇದೆ. ನಾಲಿಗೆ ಸತ್ತವರಿಗೂ ತಟ್ಟುವ ರುಚಿ.

ಅಂಗಡಿಯಿಂದ ಒಂದು ತುಂಡು ತಂದಿದ್ದೆ. ಬುಧವಾರ ರಾತ್ರಿ ಅದನ್ನು ತುರಿದು ಸೂಪಿನ ಮೇಲೆ ಉದುರಿಸಿದ್ದಕ್ಕೆ ಅಕ್ಕ ಚಮಚದಿಂದ ಪಕ್ಕಕ್ಕೆ ಸರಿಸಿದ್ದಳು.

"ಕೆಳಗೆ ಒಂದು ಕೂತಿರೋವಾಗ ಅಂಗಡೀದು ತಿನ್ನಲಾ?"

"ಹಾಗಾದ್ರೆ ಕೆಳಗಿಂದನ್ನೇ ಒಡೆಯೋಣ."

"ಮುಟ್ಟಿದ್ರೆ ನೋಡು" ಅಂದಿದ್ದಳು.

ಸದ್ದಿನ ಬಗ್ಗೆ ನನಗೊಂದು ಅನುಮಾನವಿತ್ತು. ಬಾಯ್ಲರ್ ಬೆಳಿಗ್ಗೆ ಆರೂವರೆಗೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ಕೊಳವೆ ನೆಲಮಾಳಿಗೆಯ ಚಾವಣಿಗುಂಟ ಹೋಗುತ್ತದೆ. ಬಿಸಿಯಾದ ಕೊಳವೆ ಹಿಗ್ಗಿ, ಅದನ್ನು ಹಿಡಿದ ಕಬ್ಬಿಣದ ಪಟ್ಟಿಯಲ್ಲಿ ಜರುಗಿದರೆ ಟಕ್ ಅನ್ನಲೇಬೇಕು. ಪಟ್ಟಿಗಳನ್ನು ಎಣಿಸಿದೆ. ಎರಡಿದ್ದವು. ಮೂರನೆಯದಕ್ಕಾಗಿ ಟಾರ್ಚು ಹಿಡಿದು ಮೂಲೆಮೂಲೆ ಹುಡುಕಿದೆ. ಇರಲಿಲ್ಲ. ಗುರುವಾರ ಸಂಜೆ ಬಾಯ್ಲರಿನ ಸ್ವಿಚ್ ಆರಿಸಿದೆ.

ಶುಕ್ರವಾರ ಆರೂವರೆಗೇ ನೆಲಮಾಳಿಗೆಯಲ್ಲಿ ನಿಂತೆ. ಕೈಯಲ್ಲಿ ಗಡಿಯಾರ, ಉಷ್ಣಮಾಪಕ. ಕೊಳವೆ ಮುಟ್ಟಿ ನೋಡಿದೆ, ತಣ್ಣಗಿತ್ತು. ತಂಪುಯಂತ್ರವನ್ನೂ ಹತ್ತು ನಿಮಿಷಕ್ಕೆ ನಿಲ್ಲಿಸಿದ್ದೆ. ಅದರ ಗುಂಯ್‌ಗುಡುವಿಕೆ ನಿಂತಾಗ ನನ್ನ ಉಸಿರೇ ಜೋರಾಗಿ ಕೇಳಿಸಿತು. ಆರು ನಲವತ್ತಾಯಿತು. ಮೊದಲನೆಯ ಸದ್ದಿಲ್ಲ. ಎರಡನೆಯದೂ ಇಲ್ಲ. ಸದ್ಯ ಎಂದುಕೊಂಡು ಮೆಟ್ಟಿಲ ಕಡೆ ತಿರುಗಿದೆ.

ಟಕ್.

ನನ್ನ ಬಲಕ್ಕೆ, ಎದೆಮಟ್ಟದಲ್ಲಿ. ಸುತ್ತಿಗೆ ಮೊಳೆಯಲ್ಲಿ ಅಲುಗದೆ ನೇತಾಡುತ್ತಿತ್ತು. ಉಷ್ಣಮಾಪಕ 12.1 ತೋರಿಸುತ್ತಿತ್ತು, ಮೊದಲಿನಷ್ಟೇ. ಪುಸ್ತಕ ತೆಗೆದು ಸಮಯ ಬರೆದೆ. ಕಾರಣ ಎಂಬ ಕಡೆ 'ಗೊತ್ತಿಲ್ಲ' ಎಂದು ಬರೆದೆ. ಹದಿಮೂರು ಮೆಟ್ಟಿಲನ್ನು ಹೇಗೆ ಹತ್ತಿದೆನೋ ತಿಳಿಯದು.

ಅಕ್ಕ ಮೇಜಿನ ಮುಂದೆ ಕೂತಿದ್ದಳು.

"ಇವತ್ತು ಒಂದೇ. ಏನ್ ಮಾಡ್ದೆ ನೀನು?"

"ಬಾಯ್ಲರ್ ಆರಿಸಿದ್ದೆ."

ಅವಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಎರಡು ಬಾಯ್ಲರ್‌ದು, ಒಂದು ಅವರದು." ಸಾಮಾನು ಪಟ್ಟಿ ಓದಿದಷ್ಟು ಸಹಜವಾಗಿ ಹೇಳಿದಳು.

"ಅಕ್ಕಾ, ಮರ ಒಣಗಿದ್ರೂ ಸದ್ದು ಬರುತ್ತೆ..."

"ನಿನಗೆ ಭಯ ಆಗಿದೆ. ಮುಖ ನೋಡ್ಕೋ ಹೋಗು, ಹಾಲೊಡಕಿನ ಬಣ್ಣ." ಆಮೇಲೆ ಬಟ್ಟಲನ್ನು ದೂರ ತಳ್ಳಿದಳು. "ಅವರು ಕೇಳ್ತಿರೋದು ಒಂದೇ ಪ್ರಶ್ನೆ. ನಾನೇನಂತ ಉತ್ತರ ಕೊಡ್ಲಿ?"

"ಯಾವ ಪ್ರಶ್ನೆ?"

ಹದಿನಾಲ್ಕು ತಿಂಗಳಲ್ಲಿ ಯಾರಿಗೂ ಹೇಳದ್ದನ್ನು ಅಕ್ಕ ಆಗ ಹೇಳಿದಳು. ಭಾವ ಬಿದ್ದಾಗ ತೊಟ್ಟಿಯಲ್ಲಿ ಹಾಲು ಹೆಪ್ಪುಗಟ್ಟಿ, ಕಡಿದು, ಬಿಸಿಯಾಗಿ ತಯಾರಾಗಿತ್ತು. ಆ ಗಳಿಗೆಯಲ್ಲಿ ಆ ಹೆಪ್ಪನ್ನು, ಅಂದರೆ ಗಿಣ್ಣನ್ನು, ಬಟ್ಟೆಯಲ್ಲಿ ಎತ್ತಿ ಅಚ್ಚಿಗೆ ತುಂಬಿ ಒತ್ತಬೇಕು. ತಡವಾದರೆ ತಣ್ಣಗಾಗಿ ಒಂದಕ್ಕೊಂದು ಬೆಸೆಯುವುದಿಲ್ಲ. ಕೆಲಸದವರು ಭಾವನನ್ನು ಎತ್ತಿ ಹೊರಗೆ ಒಯ್ದರು. ವ್ಯಾನು ಬರಬೇಕಿತ್ತು.

"ನಾನು ತೊಟ್ಟಿ ಹತ್ರ ಹೋದೆ ಕಣೇ. ಯಾರೂ ಹೇಳಲಿಲ್ಲ. ಕೈ ತಾನಾಗಿ ಹೋಯ್ತು. ಬಟ್ಟೆ ಹಾಕ್ದೆ, ಎತ್ತಿದೆ, ಅಚ್ಚಿಗೆ ತುಂಬಿದೆ, ಒತ್ತುಗಲ್ಲು ಇಳಿಸಿದೆ. ಕೈ ತೊಳ್ಕೊಂಡೆ ಕೂಡ! ಹೊರಗೆ ಬಂದ್ರೆ ವ್ಯಾನು ಹೋಗಿತ್ತು. ಹನ್ನೆರಡು ನಿಮಿಷ. ಗೋಡೆ ಗಡಿಯಾರ ನೋಡಿದ್ದೀನಿ. ಗಂಡ ಸಾಯ್ತಿದ್ದಾಗ ಹೆಂಡ್ತಿ ಚೀಸ್ ಮಾಡ್ತಿದ್ಲು. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಕೈ ನಡುಗಲಿಲ್ಲ, ಏನೂ ಇಲ್ಲ. ಕಲ್ಲು."

ಕುರ್ಚಿ ಎಳೆದು ಅವಳ ಎದುರು ಕೂತೆ.

"ಕೆಳಗಿರೋ ಆ ಚೀಸ್ ಪೊಳ್ಳು ಅಂತಾದ್ರೆ ಆ ಹನ್ನೆರಡು ನಿಮಿಷ ಯಾವುದಕ್ಕೂ ಅಲ್ಲ. ಗಟ್ಟಿ ಅಂತಾದ್ರೆ ನಾನು ಅಷ್ಟು ಚೆನ್ನಾಗಿ ಮಾಡಿದ್ದೀನಿ ಅಂತಾಯ್ತು, ಅವರು ಅಲ್ಲಿ ಬಿದ್ದಿರೋವಾಗ. ಯಾವುದನ್ನ ಕೇಳಿಸ್ಕೊಳ್ಲಿ ಹೇಳು? ನೀನು ಓದಿದೋಳಲ್ವಾ?"

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಉಪ್ಪಜ್ಜಿ ಬಂದಳು. ನಲವತ್ತು ವರ್ಷ ಚೀಸ್ ನೆನೆಸುವ ಉಪ್ಪುನೀರಿನ ತೊಟ್ಟಿ ನೋಡಿಕೊಂಡವಳು, ಕೈ ಬೆರಳೆಲ್ಲ ಬೆಳ್ಳಗೆ ಸುಕ್ಕು. ಪ್ರತಿ ಶುಕ್ರವಾರ ಬಂದು ಚಕ್ರವನ್ನು ತಿರುಗಿಸಿ, ಉಪ್ಪುನೀರಿನ ಬಟ್ಟೆಯಲ್ಲಿ ಒರೆಸಿ ಹೋಗುತ್ತಿದ್ದಳು. ಅದಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ, ಬೇಡ ಅಂದಿರಲೂ ಇಲ್ಲ.

"ಏನು, ಅಕ್ಕ ತಂಗಿ ಮುಖ ಹೀಗೆ? ಯಾರು ಹೋದ್ರು?" ಎಂದವಳೇ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ಹೋಗೋ ಹಾಗಿದ್ದೀಯಲ್ಲ. ನನ್ನ ವಯಸ್ಸಿಗಾದ್ರೂ ಮರ್ಯಾದೆ ಕೊಡು ತಾಯಿ, ಸಾಲಿನಲ್ಲಿ ನಾನು ಮೊದಲು ನಿಂತಿರೋದು."

ಅಕ್ಕನ ತುಟಿಯಲ್ಲಿ ನಗೆಯಂಥದ್ದು ಬಂದು ಹೋಯಿತು.

"ನಾಳೆಗೆ ಹದಿನಾಲ್ಕು ತಿಂಗಳು ತುಂಬುತ್ತೆ ಅದಕ್ಕೆ. ಯಜಮಾನರು ಒಂದು ದಿನ ಆಚೀಚೆ ಮಾಡ್ತಿರಲಿಲ್ಲ. ಒಡೆಯೋದೋ ಇಲ್ಲ ಗೋರಿ ಕಟ್ಟೋದೋ, ಹೇಳಿಬಿಡು. ನನ್ನ ಸೊಂಟ ಇನ್ನು ತಡೆಯಲ್ಲ" ಎಂದಳು ಉಪ್ಪಜ್ಜಿ.

ಅಕ್ಕ ಎದ್ದು ಕೋಣೆಗೆ ಹೋದಳು. ಆ ರಾತ್ರಿ ಏನನ್ನೂ ತಿನ್ನಲಿಲ್ಲ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸೀರೆ ಬದಲಾಯಿಸಿ ಬಂದು, "ಕೈ ಹಿಡ್ಕೋ, ಇಳೀತೀನಿ" ಅಂದಳು. ಆಗ ಅವಳ ತೂಕ 36.1.

ಹದಿಮೂರು ಮೆಟ್ಟಿಲಿಗೆ ನಾಲ್ಕು ಕಡೆ ನಿಂತಳು. ಅವಳ ಮುಂಗೈ ನನ್ನ ಎರಡು ಬೆರಳಿನ ಸುತ್ತಳತೆಯಷ್ಟೇ ಇತ್ತು. ಕೆಳಗೆ ಉಪ್ಪಜ್ಜಿ ಚಕ್ರವನ್ನು ಒಣ ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲೆ ಇಟ್ಟಿದ್ದಳು. ಅಕ್ಕ ತಾನೇ ಸುತ್ತಿಗೆಯನ್ನು ಮೊಳೆಯಿಂದ ತೆಗೆದು, ಸೆರಗಿನಿಂದ ಧೂಳು ಒರೆಸಿದಳು.

ಒಂದು ಅಂಚಿಗೆ ತಟ್ಟಿದಳು. ಗಟ್ಟಿ ದನಿ. ನಡುವಿಗೆ ತಟ್ಟಿದಳು. ಗಟ್ಟಿ. ಮೂರನೆಯ ಪೆಟ್ಟಿಗೆ ಕೈ ಎತ್ತಿ ಹಾಗೇ ಹಿಡಿದಳು. ಕಿವಿಗೊಟ್ಟು ಏನನ್ನೋ ಕಾಯುವ ಹಾಗೆ ಕಂಡಳು. ನಾನೂ ಕಾಯುತ್ತಿದ್ದೆ. ಕೊನೆಗೆ ತಟ್ಟಿದಳು.

ಆ ದನಿ ಬೇರೆಯಿತ್ತು. ಪೂರ್ತಿ ಪೊಳ್ಳಲ್ಲ, ಒಳಗೆ ಯಾರೋ ತುಟಿ ಬಿಚ್ಚಿದ ಹಾಗೆ ಸಣ್ಣದಾಗಿ ಒಡೆದ ದನಿ. ಅಕ್ಕ ಕಣ್ಣು ಮುಚ್ಚಿದಳು.

"ಒಡೀರಿ" ಅಂದಳು.

ಇಂಥ ಚೀಸನ್ನು ಕೊಯ್ಯುವುದಿಲ್ಲ. ಗಿಡ್ಡ ಚೂರಿಯಿಂದ ಸಿಪ್ಪೆಯ ಸುತ್ತ ಗೆರೆ ಎಳೆದು, ಮೊನೆಯನ್ನು ಅಲ್ಲಲ್ಲಿ ಚುಚ್ಚಿ ತಿರುವಿದರೆ ಅದು ತನ್ನ ಒಳಗಿನ ಕಣಗಳ ಜಾಡಿನಲ್ಲೇ ಸೀಳುತ್ತದೆ. ಉಪ್ಪಜ್ಜಿ ತಿರುವಿದಳು. ಕಲ್ಲು ಜರುಗಿದಂಥ ಸದ್ದಾಗಿ ಚಕ್ರ ಎರಡಾಯಿತು. ಬಾದಾಮಿಯ ವಾಸನೆ ನೆಲಮಾಳಿಗೆ ತುಂಬಿತು. ಒಳಗೆಲ್ಲ ಹುಲ್ಲು ಒಣಗಿದ ಬಣ್ಣ, ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಹರಳುಗಳು. ಪ್ರೋಟೀನು ಒಡೆದು ಆದ ಹರಳು ಅದು, ಚೆನ್ನಾಗಿ ಮಾಗಿದ್ದಕ್ಕೆ ಗುರುತು.

ಒಂದು ಅಂಚಿನಲ್ಲಿ ಮಾತ್ರ, ಮೇಲಿನ ಮೂರನೇ ಒಂದು ಭಾಗದಲ್ಲಿ, ಅಡ್ಡಲಾಗಿ ಬೆರಳುದ್ದದ ಬಿರುಕು. ಬಿರುಕು ಮುಗಿದ ಕಡೆಯಿಂದ ಕೂದಲೆಳೆಯಂಥ ಗೆರೆಯೊಂದು ಇನ್ನೊಂದು ಬದಿಯವರೆಗೂ ಹೋಗಿತ್ತು. ನಾನು ಟಾರ್ಚು ಹತ್ತಿರ ಹಿಡಿದು ನೋಡಿದೆ. ಮತ್ತೊಮ್ಮೆ ನೋಡಿದೆ. ನೂರಾರು ಮಾದರಿಗಳಲ್ಲಿ ಈ ಗೆರೆಯನ್ನು ಕಂಡಿದ್ದೇನೆ. ಬಿಸಿ ಗಿಣ್ಣಿನ ಮೇಲೆ ಬಿಸಿ ಗಿಣ್ಣು ಬಿದ್ದರೆ ಒಂದಾಗುತ್ತದೆ. ತಣ್ಣಗಾದದ್ದರ ಮೇಲೆ ಬಿದ್ದರೆ ಗೆರೆ ಉಳಿಯುತ್ತದೆ.

"ಅಕ್ಕಾ, ನೀನು ಇದನ್ನ ಒಂದೇ ಸಲಕ್ಕೆ ತುಂಬಲಿಲ್ಲ."

"ತುಂಬಿದೆ. ಒಂದೇ ಉಸಿರಿಗೆ."

"ಇಲ್ಲ. ಮೂರನೇ ಎರಡು ಭಾಗ ತುಂಬಿ ನಿಲ್ಲಿಸಿದ್ದೀಯ. ಕಡಿಮೆ ಅಂದ್ರೂ ಮೂರು ನಾಲ್ಕು ನಿಮಿಷ. ತುಂಬಿದ್ದು ತಣ್ಣಗಾಗೋವಷ್ಟು. ಆಮೇಲೆ ಮತ್ತೆ ಬಂದು ತುಂಬಿದ್ದೀಯ. ಇಲ್ಲಿ ನೋಡು, ಈ ಕಡೆ ಜಾಸ್ತಿ, ಈ ಕಡೆ ಕಡಿಮೆ. ಕೈ ನೆಟ್ಟಗೆ ನಿಂತಿಲ್ಲ. ಎಲ್ಲಿಗೆ ಹೋಗಿದ್ದೆ?"

ಅಕ್ಕ ನನ್ನನ್ನೇ ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಎಲ್ಲಿಗೆ ಅಂದ್ರೆ? ಹೊರಗೆ ಓಡಿದ್ಲು" ಅಂದಳು ಉಪ್ಪಜ್ಜಿ, ಚೂರಿಯನ್ನು ಒರೆಸುತ್ತಾ. "ಕೈಯೆಲ್ಲಾ ಗಿಣ್ಣು. ಯಜಮಾನರ ತಲೆ ತೊಡೆ ಮೇಲೆ ಹಾಕ್ಕೊಂಡು ಕೂತ್ಕೊಂಡ್ಲು. ಅವರ ಅಂಗಿ ಮೇಲೆ ಬಿಳೀ ಬೆರಳು ಗುರುತು ನಾನೇ ಒರೆಸಿದ್ದು. ಅವರ ಕಿವೀಲಿ ಏನೋ ಹೇಳಿದ್ಲು. ಆಮೇಲೆ ಎದ್ದು ಒಳಗೆ ಓಡಿ ಬಂದ್ಲು. ನೆನಪಿಲ್ವೇನೇ?"

"ಯಾಕೆ ಹೇಳಲಿಲ್ಲ ನೀನು ಇಷ್ಟು ದಿನ?" ಅಕ್ಕನ ದನಿ ಒಡೆದಿತ್ತು.

"ನೀನು ಮಾಡಿದ್ದನ್ನ ನಿನಗೇ ಹೇಳ್ಬೇಕು ಅಂತ ನನಗೇನು ಗೊತ್ತಮ್ಮಾ! ಕೇಳಿದ್ಯಾ?"

ಅಕ್ಕ ಬೆರಳನ್ನು ಬಿರುಕಿನಲ್ಲಿ ಇಟ್ಟಳು. ಗೆರೆಯ ಮೇಲೆ ಆ ಬದಿಯಿಂದ ಈ ಬದಿಗೆ ಎಳೆದಳು. ಹಾಗೆ ಎಳೆಯುತ್ತಲೇ ಅತ್ತಳು. ಅಲ್ಲಿ ಕೂತು ಅಳಲು ಸ್ಟೂಲು ಇರಲಿಲ್ಲ, ನಾವಿಬ್ಬರೂ ಎರಡು ಕಡೆ ಹಿಡಿದುಕೊಂಡೆವು. ಅತ್ತು ಮುಗಿಸಿ ಮೂಗೊರೆಸಿಕೊಂಡು, ಬಿರುಕಿನ ಪಕ್ಕದಿಂದ ಉಗುರಿನಷ್ಟು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹರಳು ಹಲ್ಲಿನ ನಡುವೆ ಕಟಕ್ಕೆಂದದ್ದು ನನಗೂ ಕೇಳಿಸಿತು.

"ಉಪ್ಪು ಒಂದು ಚೂರು ಜಾಸ್ತಿ" ಅಂದಳು.

"ಉಪ್ಪು ಸರಿಯಾಗಿದೆ! ನಾಲಿಗೆ ತುಕ್ಕು ಹಿಡಿದಿದೆ ನಿನಗೆ" ಎಂದು ಉಪ್ಪಜ್ಜಿ ರೇಗಿದಳು.

ಮಧ್ಯಾಹ್ನ ಸೂಪು ಮಾಡಿದೆ. ಸಿಪ್ಪೆಯನ್ನು ಎಸೆಯಬಾರದು. ಹೊರಮೈಯನ್ನು ಚೂರಿಯಿಂದ ಹೆರೆದು ಶುಚಿ ಮಾಡಿ, ಈರುಳ್ಳಿ, ಗಜ್ಜರಿಯ ಜೊತೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟರೆ ತನ್ನಲ್ಲಿರುವುದನ್ನೆಲ್ಲ ನೀರಿಗೆ ಬಿಟ್ಟುಕೊಡುತ್ತದೆ. ತಳಕ್ಕೆ ಅಂಟದ ಹಾಗೆ ಆಗಾಗ ಕೈಯಾಡಿಸಬೇಕು. ಉಪ್ಪು ಹಾಕಬಾರದು, ಅದರಲ್ಲೇ ಇದೆ. ಬೇಯಿಸಿ ನುರಿದ ಆಲೂಗಡ್ಡೆಯ ಮೇಲೆ ಚೀಸ್ ತುರಿದು, ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಿದೆ. ಜೋರು ಉರಿಗೆ ಹಾಕಿದರೆ ಎಣ್ಣೆ ಬೇರೆ, ದಾರ ಬೇರೆ ಆಗುತ್ತದೆ. ಸಂಜೆಗೆ ಬರೀ ಚೂರುಗಳು, ಸೇಬಿನ ಹೋಳಿನ ಜೊತೆ. ಶನಿವಾರ ಒಟ್ಟು ಮೂವತ್ತೊಂದು ಗ್ರಾಂ ಚೀಸ್ ಅವಳ ಹೊಟ್ಟೆಗೆ ಹೋಯಿತು. ಹೊಟ್ಟೆ ಉಬ್ಬರಿಸಲಿಲ್ಲ. ಭಾನುವಾರ ನಲವತ್ತೆರಡು.

ಶನಿವಾರ ಸಂಜೆಯೇ ಬಾಯ್ಲರನ್ನು ಮತ್ತೆ ಹಚ್ಚಿದ್ದೆ. ಭಾನುವಾರ ಬೆಳಿಗ್ಗೆ ಆರು ನಲವತ್ತಕ್ಕೆ ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. ಅಕ್ಕನ ಕೈಯಲ್ಲಿ ಸೂಪಿನ ಚಮಚ. ಟಕ್. ಟಕ್. ಚಮಚ ಗಾಳಿಯಲ್ಲೇ ನಿಂತಿತು. ಗೋಡೆ ಗಡಿಯಾರದ ಮುಳ್ಳು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ಮೂರನೆಯದು ಬರಲಿಲ್ಲ.

ಅಕ್ಕ ನೆಲವನ್ನು ನೋಡಿದಳು. ಸಮಾಧಾನವಾದ ಮುಖವಲ್ಲ ಅದು. ಬಸ್ಸು ಹೊರಟುಹೋದ ಮೇಲೂ ರಸ್ತೆ ನೋಡುತ್ತಾ ನಿಂತವರ ಮುಖ.

"ಹೋಗ್ಬಿಟ್ರಾ?" ಅಂದಳು.

ಅವಳು ಚಮಚವನ್ನು ಬಾಯಿಗಿಟ್ಟುಕೊಂಡಳು. ಅಳುತ್ತಲೇ ಬಟ್ಟಲು ಮುಗಿಸಿದಳು.

ಸೋಮವಾರ ಬೆಳಿಗ್ಗೆಯೂ ಎರಡೇ. ಹತ್ತು ಗಂಟೆಗೆ ಡಾಕ್ಟರ ಕೋಣೆಯಲ್ಲಿ ಅಕ್ಕ ಚಪ್ಪಲಿ ಬಿಚ್ಚಿ ತಕ್ಕಡಿಯ ಮೇಲೆ ನಿಂತಳು. ಎರಡು ದಿನದಲ್ಲಿ ಏರಿದ್ದು ಬಹುಪಾಲು ನೀರೇ ಇರಬಹುದು, ಉಪ್ಪು ತಿಂದವರ ಮೈ ನೀರು ಹಿಡಿಯುತ್ತದೆ. ಆ ತಕ್ಕಡಿ ನೂರು ಗ್ರಾಂ ಆಚೀಚೆ ತೋರಿಸಲೂಬಹುದು. ಎರಡನ್ನೂ ಡಾಕ್ಟರಿಗೆ ನಾನೇ ಹೇಳಿದೆ. ಅವರು ತಲೆಯಾಡಿಸಿ, ಮುಂದಿನ ಸೋಮವಾರ ಮತ್ತೆ ಬನ್ನಿ ಎಂದು ಅಂಕಿಯನ್ನು ಚೀಟಿಯಲ್ಲಿ ಬರೆದರು. 36.4 ಕೆ.ಜಿ.